ಆನಿಕೋಳಿಯ ಪುಕ್ಕ ತೆಗೆದ ಯಂತ್ರ

೧೯೯೧ರ ಡಿಸೆಂಬರ್ ತಿಂಗಳ ಮೂರನೆಯ ವಾರ, ಮಸ್ಕಿಯ ಬಸ್ ನಿಲ್ದಾಣದ ಹಿಂದಿನ ಓಣಿಯ ಒಂದು ಮನೆಯ ಅಂಗಳದಲ್ಲಿ, ಭತ್ತ ಬಡಿಯುವ ಹಳೆಯ ಕಾಲುಯಂತ್ರದಿಂದ ಒಂದು ಟರ್ಕಿ ಕೋಳಿಯ ಪುಕ್ಕ ತೆಗೆಯಲಾಯಿತು. ಕೋಳಿಯ ಚರ್ಮ ಹರಿಯಲಿಲ್ಲ, ಕಪ್ಪಾಗಲಿಲ್ಲ. ಮನೆ ನನ್ನ ಅಕ್ಕನದು. ನಾನು ಸ್ಥಳದಲ್ಲಿದ್ದೆ.

ಆಗ ನಾನು ಲಿಂಗಸುಗೂರಿನಲ್ಲಿದ್ದುಕೊಂಡು ಒಂದು ಜಿಲ್ಲಾ ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ಇದನ್ನು ಕಳಿಸಲಿಲ್ಲ. ಪತ್ರಿಕೆಯಲ್ಲಿ ಒಕ್ಕಲುತನಕ್ಕೆ ಒಂದು ಜಾಗವಿತ್ತು, ಅಡುಗೆಗೆ ಇನ್ನೊಂದು ಜಾಗವಿತ್ತು. ಇದು ಎರಡರ ನಡುವೆ ಬೀಳುತ್ತಿತ್ತು.

ಟರ್ಕಿ ಕೋಳಿಗಳು ಅಕ್ಕನ ಮನೆಗೆ ಬಂದದ್ದು ಮುದಗಲ್ಲಿನಿಂದ. ಹಿಂದಿನ ವರ್ಷ ಮೊಹರಂ ನೋಡಲು ಹೋದವಳು ಅಲ್ಲಿನ ಗೆಳತಿಯೊಬ್ಬಳ ಹಿತ್ತಿಲಲ್ಲಿ ಇವುಗಳನ್ನು ಕಂಡಳು. ಹಬ್ಬಕ್ಕಿಂತ ಹೆಚ್ಚು ಹೊತ್ತು ಕೋಳಿಗಳನ್ನೇ ನೋಡಿದಳು ಎಂದು ಜೊತೆಗೆ ಹೋದವರು ಹೇಳಿದರು. ಬರುವಾಗ ಬುಟ್ಟಿಯಲ್ಲಿ ಜೋಳದ ಹೊಟ್ಟು ತುಂಬಿ, ಅದರೊಳಗೆ ಚುಕ್ಕೆ ಚುಕ್ಕೆಯ ದೊಡ್ಡ ಮೊಟ್ಟೆಗಳನ್ನು ಹುದುಗಿಸಿಕೊಂಡು, ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಬಂದಳು. ಮನೆಯ ಜವಾರಿ ಕೋಳಿಯನ್ನು ಕಾವಿಗೆ ಕೂರಿಸಿದಳು. ಟರ್ಕಿ ಮೊಟ್ಟೆ ಒಡೆಯಲು ಜವಾರಿ ಮೊಟ್ಟೆಗಿಂತ ಒಂದು ವಾರ ಹೆಚ್ಚು ಬೇಕು. ತನ್ನ ಲೆಕ್ಕ ಮುಗಿಯಿತೆಂದು ಆ ಕೋಳಿ ಎದ್ದು ಹೋಗುವುದರಲ್ಲಿತ್ತು. ಅಕ್ಕ ಅದರ ಮೇಲೆ ಬುಟ್ಟಿ ಮುಚ್ಚಿ ಮೇಲೊಂದು ಕಲ್ಲು ಹೇರಿದಳು. ಮರಿಗಳು ಹೊರಬಂದವು. ಕೆಲವು ತಿಂಗಳಲ್ಲಿ ಅವು ತಾಯಿಗಿಂತ ದೊಡ್ಡವಾದವು. ತಾಯಿ ಅವುಗಳನ್ನು ಕಂಡರೆ ಗೋಡೆ ಹತ್ತತೊಡಗಿತು. ಓಣಿಯ ಜನ ಅವಕ್ಕೆ ಆನಿಕೋಳಿ ಎಂದು ಹೆಸರಿಟ್ಟರು.

ಅಕ್ಕನ ಗಂಡನನ್ನು ನಾನು ಮಾವ ಎಂದು ಕರೆಯುತ್ತೇನೆ. ಅವರದು ಮನೆಗೆ ಹೊಂದಿಕೊಂಡೇ ಬಾಡಿಗೆ ಸೈಕಲ್ ಅಂಗಡಿ. ಆನಿಕೋಳಿಯ ದೊಡ್ಡ ಹುಂಜಕ್ಕೆ ಕೆಂಪು ಬಣ್ಣ ಆಗುತ್ತಿರಲಿಲ್ಲ. ಕೆಂಪು ಟ್ಯೂಬು, ಕೆಂಪು ಟವೆಲ್ಲು, ಎಲೆಯಡಿಕೆ ಹಾಕಿದ ಬಾಯಿ, ಯಾವುದನ್ನು ಕಂಡರೂ ರೆಕ್ಕೆ ಇಳಿಬಿಟ್ಟು, ಬಾಲ ಬಿಚ್ಚಿ, ಗುಳುಗುಳು ಎನ್ನುತ್ತ ಓಡಿ ಬರುತ್ತಿತ್ತು.

"ಗಾಳಿ ಹಾಕಿಸಾಕ ಬಂದವ್ರು ಇದಕ್ಕ ಅಂಜಿ ಎದುರಿನ ಅಂಗಡಿಗೆ ಹೋಗಾಕತ್ಯಾರ," ಎಂದು ಮಾವ ದೂರುತ್ತಿದ್ದರು. "ನಿಮ್ಮಕ್ಕಗ ಹೇಳಪಾ. ಪೇಪರಿನಾಂವ ಅದಿ, ನಿನ್ನ ಮಾತ ಕೇಳ್ತಾಳ."

"ನೀವ ಕೆಂಪು ಟವೆಲ್ ಬಿಡ್ರಿ," ಎಂದಳು ಅಕ್ಕ ಒಳಗಿನಿಂದ. "ಅದು ಕೋಳಿ. ತಿಳಿವಳಿಕಿ ನಿಮಗರ ಇರಬೇಕು."

ಹದಿನೈದು ದಿನಕ್ಕೊಮ್ಮೆ ನಾನು ಹಟ್ಟಿಗೆ ಸುದ್ದಿಗಾಗಿ ಹೋಗುತ್ತಿದ್ದೆ. ಅಲ್ಲಿನ ಚಿನ್ನದ ಗಣಿಯ ಕಾಲೊನಿಯಲ್ಲಿ ಕೋಲಾರದ ಕಡೆಯಿಂದ ಬಂದ ಒಬ್ಬ ನರ್ಸಮ್ಮನ ಪರಿಚಯವಾಗಿತ್ತು. ಮಾತಿನ ನಡುವೆ ಆನಿಕೋಳಿಯ ವಿಷಯ ಬಂತು. ಅವರ ಕಡೆ ಅದಕ್ಕೆ ವಾನ್ ಕೋಳಿ ಎನ್ನುತ್ತಾರಂತೆ. ಈ ಸೀಮೆಗೆ ಬಂದ ಮೇಲೆ ಅದನ್ನು ಕಂಡೇ ಇಲ್ಲವೆಂದು ಹೇಳಿ, ಅಕ್ಟೋಬರಿನಲ್ಲಿ ಮಗನ ಹುಟ್ಟುಹಬ್ಬಕ್ಕೆ ಒಂದು ಬೇಕೆಂದರು. ಸ್ವಚ್ಛ ಮಾಡಿಯೇ ಕಳಿಸಬೇಕು, ಇಡಿಯಾಗಿ ಇರಬೇಕು, ಕಾಲೊನಿಯ ಬೇಕರಿಯವನು ತನ್ನ ಭಟ್ಟಿಯಲ್ಲಿ ಸುಟ್ಟು ಕೊಡುತ್ತಾನೆ ಎಂದರು.

ಅಕ್ಕ ಮಾಡಿದ ಮೊದಲ ವ್ಯಾಪಾರ ಅದು. ಇನ್ನೊಬ್ಬರ ಮನೆಗೆ ಹೋಗುವ ಕೋಳಿ ಎಂದು ಅವಳು ಪೂರ್ತಿ ಶಾಸ್ತ್ರೋಕ್ತವಾಗಿ ಮಾಡಿದಳು. ನಮ್ಮ ಕಡೆ ಪುಕ್ಕ ಕಿತ್ತ ಕೋಳಿಯನ್ನು ಜೋಳದ ಕಣಿಕೆಯ ಬೆಂಕಿಯ ಮೇಲೆ ಹಿಡಿದು ಸುಡುತ್ತಾರೆ. ಆಮೇಲೆ ಎಣ್ಣೆಯಲ್ಲಿ ಕಲಸಿದ ಅರಿಶಿಣವನ್ನು ಮೈತುಂಬ ತಿಕ್ಕಿ, ಮತ್ತೆ ಒಮ್ಮೆ ಬೆಂಕಿಗೆ ತೋರಿಸುತ್ತಾರೆ. ಚರ್ಮ ಗಟ್ಟಿಯಾಗಿ ಬಂಗಾರದ ಬಣ್ಣಕ್ಕೆ ಬರುತ್ತದೆ. ಮನೆಗೆ ಬೀಗರು ಬಂದಾಗ ಈ ಕೆಲಸವನ್ನು ಯಾರೂ ಅರ್ಧಕ್ಕೆ ಬಿಡುವುದಿಲ್ಲ. ಅಕ್ಕ ಎರಡು ಸಲ ಅರಿಶಿಣ ಹಚ್ಚಿದಳು.

ಕೋಳಿ ಕೊಟ್ಟು ಬಂದ ಮೇಲೆ ಮುಂದಿನ ಸಲ ನಾನು ಹಟ್ಟಿಗೆ ಹೋದಾಗ ನರ್ಸಮ್ಮ ಬಾಗಿಲಲ್ಲೇ ನಿಲ್ಲಿಸಿದರು.

"ಏನ್ರೀ ಇದು, ಕಾಮಾಲೆ ಬಂದಿರೋ ಕೋಳಿ ಕಳಿಸಿದ್ದೀರಲ್ಲ! ಮಗೂಗೆ ತಿನ್ನಿಸೋದಾ ಔಷಧಿ ಕೊಡೋದಾ ಅಂತ ಯೋಚನೆ ಮಾಡ್ಬಿಟ್ಟೆ."

ಅದು ಅರಿಶಿಣ ಎಂದೆ.

"ಅರಿಶಿಣ ಅನ್ನೋದು ತೊಳೆದ ಮೇಲೆ ಗೊತ್ತಾಯ್ತು. ಹೊಗೆ ವಾಸನೆ ಮಾತ್ರ ಹೋಗ್ಲೇ ಇಲ್ಲ. ನೋಡಿ, ಕ್ರಿಸ್‌ಮಸ್ಸಿಗೆ ಇಲ್ಲಿ ಸುಮಾರು ಮನೆಯವರಿಗೆ ಬೇಕು. ಬೆಳ್ಳಗಿರ್ಬೇಕು, ಚರ್ಮ ಹರಿದಿರ್ಬಾರ್ದು, ಸುಟ್ಟಿರ್ಬಾರ್ದು. ಹಬ್ಬಕ್ಕೆ ಮೊದಲು ಒಂದು ಮಾದರಿ ತಂದು ತೋರಿಸಿ. ಸರಿ ಇದ್ರೆ ಎಲ್ಲರಿಗೂ ನಾನೇ ಹೇಳ್ತೀನಿ."

ಈ ಮಾತನ್ನು ನಾನು ಯಥಾವತ್ತಾಗಿ ಮಸ್ಕಿಗೆ ಮುಟ್ಟಿಸಿದೆ.

"ಕಾಮಣಿ ಅಂದಳಾ?" ಅಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಮದುಮಗಳಿಗೆ ಹಚ್ಚಿದಂಗ ಹಚ್ಚೀನಲ್ಲೋ!"

"ಮದುಮಗಳು ಅಂತ ಚೀಟಿ ಕಟ್ಟಿ ಕಳಿಸಬೇಕಿತ್ತು," ಎಂದರು ಮಾವ.

ಅಂದು ಸಂಜೆಯೇ ಮಾವ ತಮ್ಮ ತೀರ್ಮಾನ ಹೇಳಿದರು. ಹಟ್ಟಿಯವರು ಒಪ್ಪಿದರೆ ಸರಿ. ಒಪ್ಪದಿದ್ದರೆ ಕ್ರಿಸ್‌ಮಸ್ ಆದ ಮೊದಲ ಸಂತೆಗೆ ಹುಂಜ, ಹ್ಯಾಟೆ, ಮರಿ ಎಲ್ಲವೂ ಮಾರಾಟ. ಅಕ್ಕ ಜಗಳ ಮಾಡಲಿಲ್ಲ. "ಆಯ್ತು," ಎಂದಳು. ಅವಳಿಗೆ ಆ ಕೋಳಿಗಳನ್ನು ಬಿಡುವ ಮನಸ್ಸಿಲ್ಲ ಎನ್ನುವುದು ಅವಳು ಮತ್ತೆ ಬಡಿದ ರೊಟ್ಟಿಯ ಸದ್ದಿನಲ್ಲಿ ಕೇಳಿಸುತ್ತಿತ್ತು. ಮದುವೆಯಾದ ಮೇಲೆ ತನ್ನದೇ ಎಂದು ಅವಳು ಶುರುಮಾಡಿದ ಮೊದಲ ಕೆಲಸ ಅದು.

ಬೆಳ್ಳಗಿನ ಕೋಳಿಯ ಪ್ರಯತ್ನಗಳು ಮರುದಿನದಿಂದಲೇ ಆರಂಭವಾದವು. ಒಣ ಪುಕ್ಕವನ್ನು ಕೈಯಿಂದ ಕಿತ್ತು ನೋಡಿದಳು. ಜವಾರಿ ಕೋಳಿಗೆ ಸಾಗುವ ಕೆಲಸ ಆನಿಕೋಳಿಗೆ ಸಾಗಲಿಲ್ಲ. ರೆಕ್ಕೆಯ ದೊಡ್ಡ ಗರಿಗಳನ್ನು ಕೀಳಲು ಮಾವನ ಇಕ್ಕಳ ಬೇಕಾಯಿತು. ಬೆಳಗ್ಗೆ ಕೂತವಳು ಮಧ್ಯಾಹ್ನ ಏಳುವಾಗ ಬೆರಳುಗಳಿಗೆ ಬೊಬ್ಬೆ ಬಂದಿದ್ದವು. ಆಮೇಲೆ ಬಚ್ಚಲಿನ ತಾಮ್ರದ ಹಂಡೆಯಲ್ಲಿ ನೀರು ಕುದಿಸಿ ಅದರಲ್ಲಿ ಮುಳುಗಿಸಿದಳು. ಹಂಡೆಗೆ ಕೋಳಿ ಹಿಡಿಸಲಿಲ್ಲ, ಕಾಲುಗಳು ಮೇಲೆ ನಿಂತವು. ನೀರು ಕುದಿಯುತ್ತಿದ್ದುದರಿಂದ ಒಳಗಿದ್ದ ಭಾಗದ ಚರ್ಮ ಬೆಂದು, ಪುಕ್ಕದ ಜೊತೆಗೇ ಕೈಗೆ ಬಂತು. ಮಾವ ಟವೆಲ್ ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಬಂದವರು ಅದನ್ನು ನೋಡಿ ನಿಂತರು.

"ನಾಳಿಂದ ಇದರಾಗ ನೀರ ಕಾಸಿ ಮೈ ತೊಳಕೊಂಡ್ರ ನಮಗೂ ಪುಕ್ಕ ಬರತಾವೇನು?"

"ಬಂದ್ರ ಕೀಳಾಕ ನಾ ಅದೀನಲ್ಲ, ಹೋಗ್ರಿ," ಎಂದಳು ಅಕ್ಕ.

ನವೆಂಬರಿನಲ್ಲಿ ಭತ್ತದ ಸುಗ್ಗಿಯ ವರದಿಗೆ ನಾನು ಸಿಂಧನೂರಿನ ಕಡೆ ಹೊರಟೆ. ಅಲ್ಲಿನ ನಿರಾಶ್ರಿತರ ಆರ್.ಎಚ್. ಕ್ಯಾಂಪಿನಲ್ಲಿ ಬಂಗಾಳಿ ಕುಟುಂಬದವರು ಬಾತುಕೋಳಿ ಸಾಕುತ್ತಾರೆ, ಪುಕ್ಕ ತೆಗೆದ ಬಾತು ಅವರ ಕೈಯಲ್ಲಿ ಹತ್ತಿಯ ಹಾಗೆ ಬೆಳ್ಳಗಿರುತ್ತದೆ ಎಂದು ಯಾರೋ ಅಕ್ಕನಿಗೆ ಹೇಳಿದ್ದರು. ಮಸ್ಕಿಯಲ್ಲಿ ಅವಳೂ ಬಸ್ ಹತ್ತಿದಳು.

ಕ್ಯಾಂಪಿನಲ್ಲಿ ನನ್ನ ಕೆಲಸ ಬೇಗ ಮುಗಿಯಿತು, ಅವಳದು ಮುಗಿಯಲಿಲ್ಲ. ಕಾಲುವೆಯ ದಂಡೆಯ ಒಂದು ಮನೆಯಲ್ಲಿ ಐವತ್ತು ದಾಟಿದ ಹೆಂಗಸೊಬ್ಬರ ಎದುರು ಅವಳು ಕುಕ್ಕರುಗಾಲಿನಲ್ಲಿ ಕೂತಿದ್ದಳು. ಎಲ್ಲರೂ ಅವರನ್ನು ದೀದಿ ಎನ್ನುತ್ತಿದ್ದರು. ಅಕ್ಕನೂ ದೀದಿ ಎಂದಳು. ದೀದಿ ಕ್ಯಾಂಪಿಗೆ ಬಂದ ಮೇಲೆ ಕಲಿತ ನಮ್ಮ ಕಡೆಯ ಕನ್ನಡವನ್ನೇ ಆಡುತ್ತಿದ್ದರು. ಅರ್ಧ ಕತ್ತರಿಸಿದ ಒಂದು ದೊಡ್ಡ ಎಣ್ಣೆ ಡ್ರಮ್ಮಿನಲ್ಲಿ ನೀರು ಕಾಯುತ್ತಿತ್ತು. ಭತ್ತ ಬೇಯಿಸುವುದಕ್ಕೂ ಅದೇ, ಬಾತು ಅದ್ದುವುದಕ್ಕೂ ಅದೇ.

"ಕುದಿಬಾರದು," ಎಂದರು ದೀದಿ. "ಕೈ ಒಂದ್ ಸಲ ಅದ್ದಿ ತೆಗಿ. ಎರಡನೇ ಸಲ ಅದ್ದಾಕ ಧೈರ್ಯ ಬರಬಾರದು. ಅದು ಸರಿ ನೀರು."

ಅಕ್ಕ ಅದ್ದಿದಳು. ತೆಗೆದು ಸೆರಗಿನಲ್ಲಿ ಕೈ ಸುತ್ತಿಕೊಂಡಳು. "ಧೈರ್ಯ ಇಲ್ಲ ದೀದಿ."

"ಹಂಗಾರ ಸರಿ ಅದ."

ನೀರಿನಲ್ಲಿ ಆಡಿಸಿದ ಬಾತನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು, ಸ್ವಲ್ಪ ಹೊತ್ತಿನ ಮೇಲೆ ಬಿಚ್ಚಿ, ದೀದಿ ಕೈಯಿಂದ ಸವರಿದರೆ ಪುಕ್ಕ ಸಾಲಾಗಿ ಇಳಿಯಿತು. ಆದರೆ ಬಾತು ಸಣ್ಣದು. ನಮ್ಮ ಕೋಳಿ ಇದರ ನಾಲ್ಕರಷ್ಟಿದೆ, ಅಷ್ಟನ್ನು ಸವರುವ ಹೊತ್ತಿಗೆ ಮೈ ಆರಿ ಪುಕ್ಕ ಬಿಗಿಯುತ್ತದೆ, ಹಬ್ಬಕ್ಕೆ ಒಂದೇ ದಿನ ಹಲವು ಆಗಬೇಕು ಎಂದಳು ಅಕ್ಕ. ದೀದಿ ಒಂದಷ್ಟು ಹೊತ್ತು ಅಂಗಳವನ್ನು ನೋಡಿದರು. ಹುಲ್ಲಿನ ಬಣವೆಯ ಪಕ್ಕದಲ್ಲಿ ಕಾಲಿನಿಂದ ತುಳಿಯುವ ಭತ್ತದ ಯಂತ್ರ ಬಿದ್ದಿತ್ತು. ಮರದ ಪಟ್ಟಿಗಳನ್ನು ಜೋಡಿಸಿದ ಉರುಳೆ, ಪಟ್ಟಿಗಳ ಮೇಲೆ ಬಾಗಿಸಿದ ತಂತಿಯ ಹಲ್ಲುಗಳು, ಕೆಳಗೆ ತುಳಿಯುವ ಹಲಗೆ. ತುಳಿದರೆ ಉರುಳೆ ಗಿರ್ರನೆ ತಿರುಗುತ್ತದೆ. ಭತ್ತದ ಸಿವುಡನ್ನು ಅದರ ಮೇಲೆ ಹಿಡಿದರೆ ಕಾಳು ಉದುರುತ್ತದೆ. ಟ್ರ್ಯಾಕ್ಟರಿನ ಯಂತ್ರ ಬಂದ ಮೇಲೆ ಅದಕ್ಕೆ ಕೆಲಸವಿರಲಿಲ್ಲ.

"ಕಾಳು ಉದುರಿಸ್ತದ," ಎಂದರು ದೀದಿ. "ಪುಕ್ಕ ಯಾಕ ಉದುರಿಸಬಾರದು?"

ಯಂತ್ರಕ್ಕೆ ಬದಲಾಗಿ ಅವರು ಕೇಳಿದ್ದು ಒಂದು ಜೋಡಿ ಟರ್ಕಿ ಮರಿ. ಅಕ್ಕ ಒಪ್ಪಿದಳು.

ಯಂತ್ರ ಬಸ್ಸಿನ ಟಾಪಿನ ಮೇಲೆ ಮಸ್ಕಿಗೆ ಬಂತು. ಕಂಡಕ್ಟರ್ ಲಗೇಜ್ ಟಿಕೆಟ್ ಹರಿಯುವ ಮೊದಲು ವಿಚಾರಣೆ ಮಾಡಿದ.

"ಇದೇನ್ರೀ ಅಕ್ಕಾರ, ರಾಶಿ ಮಾಡಾಕೇನು?"

"ಕೋಳಿ ಮಾಡಾಕಪ್ಪ," ಎಂದಳು ಅಕ್ಕ.

ಆತ ನನ್ನ ಮುಖ ನೋಡಿದ. ನಾನು ಹೌದೆಂದು ತಲೆಯಾಡಿಸಿದೆ. ಮುಂದಿನ ನಿಲ್ದಾಣದವರೆಗೂ ಬಸ್ಸಿನಲ್ಲಿ ಅದೇ ಮಾತು.

ಮಾವ ಯಂತ್ರವನ್ನು ಮುಟ್ಟುವುದಿಲ್ಲವೆಂದು ಹೇಳಿದರು. ಕೋಳಿಯ ಯಾವ ಕೆಲಸಕ್ಕೂ ತಾವು ಸೇರುವವರಲ್ಲ, ಇದು ಅಕ್ಕ ತಮ್ಮಂದಿರ ಕಾರಭಾರ ಎಂದರು. ಮರುದಿನ ಬೆಳಿಗ್ಗೆ ನಾನು ಎದ್ದಾಗ ಯಂತ್ರ ಅಂಗಳದಲ್ಲಿ ತಲೆಕೆಳಗಾಗಿ ನಿಂತಿತ್ತು. ಮಾವ ಅದರ ಕೆಳಗೆ ಗ್ರೀಸು ಹಚ್ಚುತ್ತಿದ್ದರು.

"ಬೇರಿಂಗ್ ಒಣಗಿ ಹೋಗ್ಯಾವ," ಎಂದರು, ನನ್ನ ಕಡೆ ನೋಡದೆ. "ಕೋಳಿ ವಿಷಯ ಬ್ಯಾರೆ. ಬೇರಿಂಗ್ ವಿಷಯ ಬ್ಯಾರೆ."

ಮೊದಲ ಪರೀಕ್ಷೆಗೆ ಒಂದು ಜವಾರಿ ಹುಂಜವನ್ನು ಆರಿಸಲಾಯಿತು. ಬಿಸಿನೀರಿನಲ್ಲಿ ಅದ್ದಿದ ಹುಂಜವನ್ನು ಅಕ್ಕ ಕಾಲು ಹಿಡಿದು ಉರುಳೆಯ ಮೇಲೆ ಇಳಿಬಿಟ್ಟಳು. ಮಾವ ತುಳಿದರು. ತಂತಿಯ ಹಲ್ಲುಗಳನ್ನು ತೆಗೆಯಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅದು ಭತ್ತಕ್ಕೆ ಏನು ಮಾಡುತ್ತಿತ್ತೋ ಹುಂಜಕ್ಕೂ ಅದನ್ನೇ ಮಾಡಿತು. ಅಕ್ಕನ ಕೈಯಲ್ಲಿ ಕಾಲುಗಳು ಉಳಿದವು, ಗೋಡೆಗೆ ಉಳಿದದ್ದೆಲ್ಲ ಬಡಿಯಿತು. ಮಾವನ ಬಿಳಿ ಬನಿಯನ್ನಿನ ಮೇಲೆ ಪುಕ್ಕ ಅಂಟಿತ್ತು.

"ಕೀಮಾ," ಎಂದರು ಮಾವ.

ಅಕ್ಕ ನಗಲು ಶುರುಮಾಡಿದವಳು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟಳು. ಆ ಮಧ್ಯಾಹ್ನ ಸಿಕ್ಕಷ್ಟನ್ನು ತೊಳೆದು, ಅಕ್ಕ ನಿಜವಾಗಿಯೂ ಕೀಮಾ ಮಾಡಿ ಜೋಳದ ರೊಟ್ಟಿಯ ಜೊತೆ ಬಡಿಸಿದಳು. ಚೆನ್ನಾಗಿತ್ತು.

ಅಂದಿನಿಂದ ಮಾವ ಕೋಳಿಯ ವಿಷಯ ಬೇರೆ ಎನ್ನುವುದನ್ನು ಬಿಟ್ಟರು. ತಂತಿಗಳನ್ನು ಕಿತ್ತರು. ತಂತಿಯ ಜಾಗಕ್ಕೆ ರಬ್ಬರ್ ಬೇಕು ಎನ್ನುವುದು ಅವರ ವಾದ. ಸೈಕಲ್ ಟ್ಯೂಬಿನ ಪಟ್ಟಿಗಳನ್ನು ಬಡಿದು ನೋಡಿದರು. ಪಟ್ಟಿಗಳು ಪಟಪಟ ಎನ್ನುತ್ತ ಕೋಳಿಯ ಮೇಲೆ ಆಡಿದವು, ಪುಕ್ಕ ಅಲ್ಲೇ ಉಳಿಯಿತು.

"ಕೋಳಿಗೆ ಸೆಕಿ ಆಗೈತಿ ಅಂತ ಬೀಸಾಕತ್ತೀರೇನು?" ಎಂದಳು ಅಕ್ಕ.

ಟೈರಿನ ತುಂಡು ಹಾಕಿದರು. ಪುಕ್ಕ ಬಂತು, ಜೊತೆಗೆ ಮೈಮೇಲೆಲ್ಲ ನೀಲಿ ಬರೆ ಎದ್ದವು. ಡಿಸೆಂಬರ್ ಬಂದಿತ್ತು. ಹಟ್ಟಿಗೆ ಮಾದರಿ ಹೋಗಬೇಕಾದ ವಾರ ಹತ್ತಿರವಾಗಿತ್ತು.

ಸೈಕಲ್ಲಿನ ಪೆಡಲಿಗೆ ರಬ್ಬರಿನ ಉದ್ದನೆಯ ತುಂಡುಗಳಿರುತ್ತವೆ, ಕಾಲು ಜಾರದಂತೆ ಮೈತುಂಬ ಗೀರುಗಳಿರುತ್ತವೆ, ನಡುವೆ ಆರಪಾರ ತೂತಿರುತ್ತದೆ. ಬಾಡಿಗೆ ಸೈಕಲ್ಲಿನ ಪೆಡಲು ಬೇಗ ಸವೆಯುತ್ತದೆ. ಮಾವ ಅಂಗಡಿ ಇಟ್ಟಂದಿನಿಂದ ಬಿಚ್ಚಿದ ರಬ್ಬರುಗಳನ್ನು ಒಂದು ಗೋಣಿಚೀಲದಲ್ಲಿ ಹಾಕುತ್ತ ಬಂದಿದ್ದರು. ಬುತ್ತಿ ಕೊಡಲು ಬಂದ ಅಕ್ಕ ಆ ಚೀಲದ ಮೇಲೆ ಕೂತಳು. ಕೂತವಳು ಕೈ ಹಾಕಿ ಒಂದು ರಬ್ಬರನ್ನು ಹೊರಗೆ ತೆಗೆದಳು, ಹಿಚುಕಿದಳು.

"ಇವನ್ನ ಯಾಕ ಇಟ್ಟೀರಿ?"

"ಬೇಕಾಗತಾವ ಅಂತ."

"ಯಾವಾಗ?"

ಮಾವ ಅವಳ ಕೈಯಲ್ಲಿದ್ದ ರಬ್ಬರನ್ನು ನೋಡಿದರು, ರೊಟ್ಟಿಯ ತುತ್ತು ಕೈಯಲ್ಲೇ ಉಳಿಯಿತು. "ಇವತ್ತು," ಎಂದರು.

ಉದ್ದನೆಯ ಬೋಲ್ಟುಗಳನ್ನು ರಬ್ಬರಿನ ತೂತಿನೊಳಗೆ ತೂರಿಸಿ, ಉರುಳೆಯ ಮರದ ಪಟ್ಟಿಗಳಿಗೆ ತೂತು ಕೊರೆದು, ಒಳಗಿನಿಂದ ನಟ್ಟು ಬಿಗಿದರು. ಬೋಲ್ಟಿನ ತಲೆ ಕೋಳಿಗೆ ತಾಗದಂತೆ ರಬ್ಬರಿನೊಳಗೆ ಇಳಿಸಿದರು. ಉರುಳೆಯ ಮೈಮೇಲೆ ಕಪ್ಪು ಬೆರಳುಗಳು ಎದ್ದು ನಿಂತ ಹಾಗಾಯಿತು. ಇನ್ನುಳಿದ ಸಾಮಾನುಗಳೂ ಹೀಗೇ ಕೂಡಿಕೊಂಡವು. ದೀದಿ ಹೇಳಿದಂಥದೇ ಅರ್ಧ ಡ್ರಮ್ಮು ಸಿಂಧನೂರಿನಿಂದ ಬಂತು. ಅದರೊಳಗೆ ಅಡುಗೆಎಣ್ಣೆ ಇದ್ದದ್ದು ಎಂದು ಖಾತ್ರಿ ಮಾಡಿಕೊಂಡೇ ಅಕ್ಕ ತಂದಳು. ಭಾರದ ಕೋಳಿಯನ್ನು ಕೈಯಲ್ಲಿ ಹಿಡಿದು ನಿಲ್ಲಲಾಗದೆಂದು ಬಾವಿಯ ರಾಟೆಯನ್ನು ಅಂಗಳದ ಬೇವಿನ ಮರದ ಕೊಂಬೆಗೆ ಕಟ್ಟಿದರು. ಹಗ್ಗಕ್ಕೆ ಕಾಲು ಕಟ್ಟಿ ಎಳೆದರೆ ಕೋಳಿ ಮೇಲೇರುತ್ತದೆ, ಬಿಟ್ಟರೆ ಡ್ರಮ್ಮಿಗೆ ಇಳಿಯುತ್ತದೆ, ಪಕ್ಕಕ್ಕೆ ಎಳೆದರೆ ಉರುಳೆಯ ಮೇಲೆ ಬರುತ್ತದೆ. ಹೊಸದಾಗಿ ಕೊಂಡದ್ದು ಬೋಲ್ಟು ನಟ್ಟು ಮಾತ್ರ.

ಕೊಯ್ಯುವ ಕೆಲಸ ಮುಲ್ಲಾ ಸಾಹೇಬರದು. ನಮ್ಮ ಓಣಿಯಲ್ಲಿ ಯಾವ ಮನೆಯ ಕೋಳಿ ಕುರಿ ಆದರೂ ಕೊಯ್ಯಲು ಅವರನ್ನೇ ಕರೆಯುತ್ತಿದ್ದರು. ಅಕ್ಟೋಬರಿನ ಕೋಳಿ ರೆಕ್ಕೆ ಬಡಿದು ಅವರ ಟೋಪಿಯನ್ನು ಹಾರಿಸಿತ್ತು.

"ಬಿಸ್ಮಿಲ್ಲಾ ಅನ್ನೂದು ನನ್ನ ಕೆಲಸ," ಎಂದು ಅವರು ಮೊದಲೇ ಹೇಳಿದರು. "ಹಿಡಕೊಳ್ಳೂದು ನಿಮ್ಮ ಕೆಲಸ. ಟೋಪಿ ಹೊಸಾದು ಐತಿ."

ಅದಕ್ಕೆ ಅಕ್ಕ ಒಂದು ಗೊಬ್ಬರದ ಚೀಲವನ್ನು ಸೋಡಾ ಹಾಕಿ ತೊಳೆದು ಬಿಸಿಲಿಗೆ ಒಣಗಿಸಿ, ಮೂಲೆ ಕತ್ತರಿಸಿಟ್ಟಿದ್ದಳು. ಕೋಳಿಯನ್ನು ಚೀಲಕ್ಕೆ ಹಾಕಿ, ಕತ್ತನ್ನಷ್ಟೇ ಆ ಮೂಲೆಯಿಂದ ಹೊರತೆಗೆದರೆ ರೆಕ್ಕೆ ಒಳಗೇ ಉಳಿಯುತ್ತಿತ್ತು. ಮುಲ್ಲಾ ಸಾಹೇಬರು ಚೀಲವನ್ನು ಹಿಂದೆ ಮುಂದೆ ನೋಡಿದರು. "ಅಚ್ಛಾ ಹೈ," ಎಂದರು. "ಕುರಿಗೂ ಇಂಥಾದೊಂದು ಹೊಲೀರಿ."

ನೀರಿನ ಹದ ನೋಡುವಾಗ ಗಂಡ ಹೆಂಡತಿಗೆ ಜಗಳವಾಯಿತು. ಮಾವ ಕೈ ಅದ್ದಿ, ಇನ್ನೂ ತಣ್ಣಗಿದೆ ಎಂದರು. ಅಕ್ಕ ಅದ್ದಿ, ಆಗಲೇ ಹೆಚ್ಚಾಗಿದೆ ಎಂದಳು. ಪಾನೆ ಹಿಡಿದು ಹಿಡಿದು ಮಾವನ ಕೈ ದಡ್ಡುಗಟ್ಟಿತ್ತು.

"ನಿಮ್ಮ ಕೈಯಿಂದ ನೋಡಿದ್ರ ಕೋಳಿ ಅಲ್ಲೇ ಬೇಯತೈತಿ. ಸರೀರಿ," ಎಂದು ಅಕ್ಕ ಒಂದು ತಂಬಿಗೆ ತಣ್ಣೀರು ಸುರಿದಳು. ಅಂದಿನಿಂದ ಆ ಮನೆಯಲ್ಲಿ ನೀರಿನ ಹದ ಅವಳ ಕೈಯದೇ.

ಕೋಳಿ ಡ್ರಮ್ಮಿಗೆ ಇಳಿಯಿತು, ಮೇಲೆದ್ದಿತು, ಮತ್ತೆ ಇಳಿಯಿತು. ಅಕ್ಕ ರೆಕ್ಕೆಯ ಒಂದು ದೊಡ್ಡ ಗರಿಯನ್ನು ಎಳೆದಳು. ಎಣ್ಣೆಯಿಂದ ಬತ್ತಿ ತೆಗೆದ ಹಾಗೆ ಬಂತು. ಹಗ್ಗ ನನ್ನ ಕೈಯಲ್ಲಿತ್ತು. ಪಕ್ಕಕ್ಕೆ ಎಳೆದೆ. ಮಾವ ತುಳಿದರು. ಮೊದಲ ಸುತ್ತಿಗೆ ಎದೆಯ ಪುಕ್ಕ ಹೋಯಿತು. ಅಕ್ಕ ಕೋಳಿಯನ್ನು ಹಗ್ಗದಲ್ಲೇ ತಿರುಗಿಸಿದಳು, ಬೆನ್ನು ಹೋಯಿತು. ಒದ್ದೆ ಪುಕ್ಕ ಗೋಡೆಗೆ, ಬೇವಿನ ಬೊಡ್ಡೆಗೆ, ಮುಲ್ಲಾ ಸಾಹೇಬರ ಟೋಪಿಗೆ ಹೋಗಿ ಅಂಟಿತು. ಗೋಡೆಯಾಚೆ ಇಣುಕುತ್ತಿದ್ದ ನೆರೆಮನೆಯ ಹೆಂಗಸರು ತಲೆ ತಗ್ಗಿಸಿ ಮತ್ತೆ ಎತ್ತಿದರು. ರಬ್ಬರು ಮುಟ್ಟಲಾಗದ ರೆಕ್ಕೆಯ ತುದಿಯನ್ನು ಅಕ್ಕ ಕೈಯಿಂದ ಮುಗಿಸಿದಳು. ಹಗ್ಗದಿಂದ ಇಳಿಸಿ ಕಟ್ಟೆಯ ಮೇಲೆ ಮಲಗಿಸಿದಾಗ ಅದು ಬೆಳ್ಳಗಿತ್ತು. ಚಹಾಕ್ಕೆ ಇಟ್ಟ ಹಾಲು ಉಕ್ಕುವಷ್ಟು ಹೊತ್ತೂ ಆಗಿರಲಿಲ್ಲ. ಒಳಗೆ ಒಲೆಯ ಮೇಲೆ ಹಾಲು ಇತ್ತು, ಅಕ್ಕ ಓಡಿಹೋಗಿ ಇಳಿಸಿ ಬಂದಳು.

ಮಾವ ಕೋಳಿಯ ಸುತ್ತ ಒಂದು ಸುತ್ತು ಹಾಕಿದರು. "ಅರಿಶಿಣ ಹಚ್ಚಬ್ಯಾಡ ಮತ್ತ," ಎಂದರು.

ಒಯ್ಯುವುದಕ್ಕೂ ಮಾವನೇ ದಾರಿ ಕಂಡರು. ಬೇಸಿಗೆಯಲ್ಲಿ ಐಸ್ ಕ್ಯಾಂಡಿ ಮಾರುವವರು ಅವರ ಅಂಗಡಿಯ ಸೈಕಲ್ ಬಾಡಿಗೆಗೆ ಒಯ್ಯುತ್ತಿದ್ದರು. ಚಳಿಗಾಲದಲ್ಲಿ ಅವರ ಮರದ ಪೆಟ್ಟಿಗೆಗಳು ಅಂಗಡಿಯ ಹಿಂದೆ ಖಾಲಿ ಇರುತ್ತಿದ್ದವು. ಅದರೊಳಗೆ ಬರ್ಫ ಹಾಕಿ, ತೊಳೆದ ಬಿಳಿ ಬಟ್ಟೆಯಲ್ಲಿ ಕೋಳಿಯನ್ನು ಸುತ್ತಿ ಮಲಗಿಸಿದೆವು. ನಾನು ಅದನ್ನು ಲಿಂಗಸುಗೂರಿನಲ್ಲಿ ಬಸ್ ಬದಲಿಸಿ ಹಟ್ಟಿಗೆ ಒಯ್ದೆ. ಡಿಸೆಂಬರಿನ ಚಳಿಯಲ್ಲಿ ಕ್ಯಾಂಡಿ ಯಾರು ತಿನ್ನುತ್ತಾರೆಂದು ಬಸ್ಸಿನಲ್ಲಿ ಇಬ್ಬರು ಕೇಳಿದರು.

ನರ್ಸಮ್ಮ ಕ್ವಾರ್ಟರ್ಸಿನ ಬಾಗಿಲಲ್ಲಿ ಕನ್ನಡಕ ಹಾಕಿಕೊಂಡು ಬಟ್ಟೆ ಬಿಚ್ಚಿದರು. ಎದೆ ಒತ್ತಿದರು, ರೆಕ್ಕೆ ಎತ್ತಿ ಸಂದು ನೋಡಿದರು, ಮೂಗಿನ ಹತ್ತಿರ ತಂದು ವಾಸನೆ ನೋಡಿದರು. ನಾನು ನಿಂತೇ ಇದ್ದೆ.

"ಯಾರು ಮಾಡಿದ್ದು?"

"ನಮ್ಮಕ್ಕ, ನಮ್ಮ ಮಾವ."

"ಯಾವುದರಲ್ಲಿ?"

"ಭತ್ತ ಬಡಿಯೋ ಯಂತ್ರದಲ್ಲಿ."

ಅವರು ಕನ್ನಡಕದ ಮೇಲಿಂದ ನೋಡಿದರು. ನಾನು ನಗುತ್ತಿಲ್ಲವೆಂದು ತಿಳಿದ ಮೇಲೆ ತಾವೇ ನಕ್ಕರು. "ರೆಕ್ಕೆ ತುದೀಲಿ ಒಂದೆರಡು ಪುಕ್ಕದ ಮುಳ್ಳು ಉಳಿಸಿದ್ದಾರೆ, ಹೇಳಿ ಅವರಿಗೆ," ಎಂದರು. ಆಮೇಲೆ ಮೆಟ್ಟಿಲಿಳಿದು, ಸಾಲು ಮನೆಗಳ ಕಡೆ ತಿರುಗಿ, ತಮಿಳಿನಲ್ಲಿ ಜೋರಾಗಿ ಏನೋ ಕೂಗಿದರು. ಒಂದೊಂದೇ ಬಾಗಿಲು ತೆರೆಯಿತು. ಕೈ ಒರೆಸಿಕೊಳ್ಳುತ್ತ ಬಂದ ಹೆಂಗಸರು ಕೋಳಿಯನ್ನು ಮಗುವನ್ನು ನೋಡುವ ಹಾಗೆ ಬಗ್ಗಿ ನೋಡಿದರು. "ನಮಗೊಂದು," "ನಮಗೂ, ದೊಡ್ಡದು," "ನನ್ನ ತಂಗಿ ಮನೆಗೂ," ಎಂದರು.

ಮಸ್ಕಿಗೆ ಬಂದು ನಾನು ಸುದ್ದಿ ಹೇಳಿದಾಗ ಅಕ್ಕ ಮೊದಲು ಕೇಳಿದ್ದು ಮುಳ್ಳಿನ ವಿಷಯ. "ಎಲ್ಲಿ ಉಳಿದಿತ್ತು? ಬಲ ರೆಕ್ಕಿನೋ ಎಡ ರೆಕ್ಕಿನೋ?"

ಕ್ರಿಸ್‌ಮಸ್ಸಿನ ಹಿಂದಿನ ದಿನ ನಸುಕಿನಲ್ಲೇ ಡ್ರಮ್ಮಿನ ಕೆಳಗೆ ಬೆಂಕಿ ಹಾಕಿದರು. ಕ್ಯಾಂಪಿನಿಂದ ದೀದಿ ಮರಿಗಳನ್ನು ಒಯ್ಯಲು ಬಂದವರು ಸೆರಗು ಸಿಕ್ಕಿಸಿ ಕೆಲಸಕ್ಕೆ ನಿಂತರು. ಮುಲ್ಲಾ ಸಾಹೇಬರು ಹಳೆಯ ಟೋಪಿ ಹಾಕಿಕೊಂಡು ಬಂದಿದ್ದರು. ಸೈಕಲ್ ಕೇಳಲು ಬಂದವರನ್ನು ಮಾವ ತುಳಿಯಲು ನಿಲ್ಲಿಸಿದರು. ಅಂದು ತುಳಿದವರಿಗೆ ಬಾಡಿಗೆ ಇಲ್ಲ ಎಂದರು. ಗಾಳಿ ಬೀಸಿ ಒಣಗಿದ ಪುಕ್ಕ ಬಸ್ ನಿಲ್ದಾಣದವರೆಗೂ ಹೋಯಿತು. ಸಿಂಧನೂರಿನ ಬಸ್ಸಿನ ಡ್ರೈವರ್ ಒಬ್ಬ ವೈಪರ್ ಹಾಕಿದ್ದನ್ನು ನಾನು ನೋಡಿದೆ. ಬಿಸಿಲು ಏರುವ ಮೊದಲು ಪೆಟ್ಟಿಗೆಗಳು ತುಂಬಿದವು. ಅವನ್ನು ಒಯ್ಯಲು ಮಾವ ತಾವೇ ಹೊರಟರು, ಇಸ್ತ್ರಿ ಅಂಗಿ ಹಾಕಿಕೊಂಡು.

ಸಂಜೆ ಅವರು ಖಾಲಿ ಪೆಟ್ಟಿಗೆಗಳೊಂದಿಗೆ ಮರಳಿದರು. ಒಂದು ಪೆಟ್ಟಿಗೆಯಲ್ಲಿ ನರ್ಸಮ್ಮ ಕಳಿಸಿದ ಕೇಕ್ ಇತ್ತು.

"ಏನಂದ್ಲು?" ಎಂದಳು ಅಕ್ಕ.

"ಮುಳ್ಳ ಇಲ್ಲ ಅಂದ್ಲು."

ಮಾವ ಹೇಳಿದ್ದ ಸಂತೆಯ ದಿನ ಬಂತು. ದೊಡ್ಡ ಹುಂಜ ಅಂಗಡಿಯ ಮುಂದೆ ಬಾಲ ಬಿಚ್ಚಿ ನಿಂತಿತ್ತು. ಮಾವ ಸಂತೆಗೆ ಹೋದರು, ಎರಡು ಮಾರು ಜಾಳಿಗೆ ತಂತಿ ತಂದರು, ಅಂಗಡಿಗೂ ಅಂಗಳಕ್ಕೂ ನಡುವೆ ಅಡ್ಡ ಕಟ್ಟಿದರು. ತಂತಿಯ ಆಚೆ ಕೋಳಿ, ಈಚೆ ಗಿರಾಕಿ. ಕೆಂಪು ಟವೆಲ್ಲನ್ನೂ ಬದಲಿಸಿದರು, ಹೊಸದು ಹಸಿರು.

ಮುಂದಿನ ವರ್ಷಗಳಲ್ಲಿ ಕ್ಯಾಂಪಿನವರು ಮದುವೆ ಮುಂಜಿಗೆ ಬಾತುಗಳನ್ನು ಮಸ್ಕಿಗೆ ತಂದು ಪುಕ್ಕ ತೆಗೆಸಿಕೊಂಡು ಹೋಗತೊಡಗಿದರು. ದೀದಿಯ ಮನೆಯಲ್ಲೂ ಟರ್ಕಿ ಮರಿಗಳಾದವು. ರಬ್ಬರು ಸವೆದಾಗ ಮಾವ ಚೀಲದಿಂದ ತೆಗೆದು ಹಾಕುತ್ತಿದ್ದರು. ಚೀಲ ಖಾಲಿಯಾದ ಮೇಲೆ ಎದುರಿನ ಅಂಗಡಿಯವನ ಹತ್ತಿರ ಹಳೆಯ ಪೆಡಲುಗಳನ್ನು ಕೇಳಿ ತಂದರು. ನರ್ಸಮ್ಮನಿಗೆ ವರ್ಗವಾಯಿತು. ಹೋಗುವ ಮೊದಲು ಅವರು ಒಮ್ಮೆ ಮಸ್ಕಿಗೆ ಬಂದು ಯಂತ್ರ ನೋಡಿದರು, ಚಪ್ಪಲಿ ಬಿಟ್ಟು ಹಲಗೆಯನ್ನು ತಾವೇ ತುಳಿದರು.

೧೯೯೯ರ ಡಿಸೆಂಬರಿನಲ್ಲಿ ನಾನು ಹೋದಾಗ ಉರುಳೆಗೆ ಕರೆಂಟಿನ ಮೋಟರ್ ಕೂಡಿಸಿದ್ದರು. ಅಂಗಳದಲ್ಲಿ ಹಟ್ಟಿಗೆ ಹೋಗುವ ಕೋಳಿಗಳು ಸಿದ್ಧವಾಗುತ್ತಿದ್ದವು. ಕರೆಂಟು ಹೋಗಿತ್ತು. ಮಾವ ಹಗ್ಗ ಹಿಡಿದಿದ್ದರು, ಅಕ್ಕ ತುಳಿಯುತ್ತಿದ್ದಳು.